ಎದೆಮೂಳೆ ಎಣಿಸಿದ ವೆಸಾಲಿಯಸ್

ಸಿಟಿ ಸ್ಕ್ಯಾನ್ ಚಿತ್ರಗಳನ್ನು ಪರದೆಗೆ ತರುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಆ ಕೆಲಸದಿಂದಾಗಿಯೇ ನನಗೆ ಆಂಡ್ರಿಯಾಸ್ ವೆಸಾಲಿಯಸ್‌ನ ಪರಿಚಯವಾಯಿತು. ನಮ್ಮ ಶಾಲೆಯ ಈಗಿನ ವಿದ್ಯಾರ್ಥಿಗಳಿಗೂ ಆತನ ಬಗ್ಗೆ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ವೆಸಾಲಿಯಸ್ ಹುಟ್ಟಿದ್ದು 1514ರ ಡಿಸೆಂಬರ್ 31ರಂದು, ಬ್ರಸೆಲ್ಸ್‌ನಲ್ಲಿ. ಪ್ಯಾರಿಸ್‌ನಲ್ಲಿ ಓದಿ, 1537ರಲ್ಲಿ ಇಟಲಿಯ ಪಡುವಾದಲ್ಲಿ ವೈದ್ಯ ಪದವಿ ಪಡೆದ. ಕೂಡಲೇ ಅಲ್ಲಿಯೇ ಅಧ್ಯಾಪಕನಾದಾಗ ಆತನಿಗೆ 22 ವರ್ಷ. ಆ ಕಾಲದಲ್ಲಿ ಅಧ್ಯಾಪಕರು ಎತ್ತರದ ಪೀಠದಲ್ಲಿ ಕುಳಿತು ಗೇಲನ್‌ನ ಗ್ರಂಥ ಓದುತ್ತಿದ್ದರು. ಶವ ಕೊಯ್ಯುವ ಕೆಲಸ ಬೇರೆಯವರದು. ವೆಸಾಲಿಯಸ್ ಪೀಠದಿಂದ ಇಳಿದು ತಾನೇ ಕತ್ತಿ ಹಿಡಿದ.

ಗೇಲನ್ ಎರಡನೇ ಶತಮಾನದ ಮಹಾವೈದ್ಯ. ರೋಮ್‌ನಲ್ಲಿ ಮನುಷ್ಯರ ಶವ ಕೊಯ್ಯಲು ಅವಕಾಶವಿಲ್ಲದ್ದರಿಂದ ಆತ ಕೋತಿ, ಹಂದಿಗಳನ್ನು ಕೊಯ್ದು ಕಲಿತಿದ್ದ. ಎದೆಮೂಳೆಯಲ್ಲಿ ಏಳು ತುಂಡುಗಳಿವೆ ಎಂದು ಬರೆದಿದ್ದ. ಸಾವಿರದ ಮುನ್ನೂರು ವರ್ಷ ಅದೇ ಪಾಠವಾಯಿತು. ವೆಸಾಲಿಯಸ್ ಎಣಿಸಿದಾಗ ಮನುಷ್ಯನ ಎದೆಮೂಳೆಯಲ್ಲಿ ಕಂಡದ್ದು ಮೂರೇ ಭಾಗ. 1543ರಲ್ಲಿ, 28ನೇ ವಯಸ್ಸಿನಲ್ಲಿ, ಮಾನವ ದೇಹದ ರಚನೆಯ ಕುರಿತ ತನ್ನ ಸಚಿತ್ರ ಗ್ರಂಥವನ್ನು ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ.

ಪ್ಯಾರಿಸ್‌ನಲ್ಲಿ ಆತನಿಗೆ ಪಾಠ ಹೇಳಿದ್ದ ಗುರು ಸಿಲ್ವಿಯಸ್ ಕೆರಳಿದ. ಗೇಲನ್ ತಪ್ಪಿಲ್ಲ, ಮನುಷ್ಯನ ದೇಹವೇ ಆಮೇಲೆ ಬದಲಾಗಿದೆ ಎಂದು ವಾದಿಸಿದ. ಶಿಷ್ಯನನ್ನು ಹುಚ್ಚನೆಂದು ಜರೆದ. ವೆಸಾಲಿಯಸ್ ಅಧ್ಯಾಪನ ಬಿಟ್ಟು ಚಕ್ರವರ್ತಿ ಐದನೇ ಚಾರ್ಲ್ಸ್‌ನ ಆಸ್ಥಾನ ವೈದ್ಯನಾದ. 1564ರಲ್ಲಿ ಜೆರುಸಲೇಮ್ ಯಾತ್ರೆಯಿಂದ ಮರಳುವಾಗ ಗ್ರೀಸ್‌ನ ಜಾಕಿಂತೋಸ್ ದ್ವೀಪದಲ್ಲಿ ತೀರಿಕೊಂಡ.

ಇಂದಿನ ಪಠ್ಯಗಳಲ್ಲೂ ಎದೆಮೂಳೆಗೆ ಮೂರೇ ಭಾಗ. ಆದರೆ ಸ್ಕ್ಯಾನ್‌ಗಳಲ್ಲಿ ಎಲ್ಲರದೂ ಒಂದೇ ತೆರನಾಗಿರುವುದಿಲ್ಲ. ಮಕ್ಕಳಲ್ಲಿ ಅದರ ನಡುಭಾಗ ಹಲವು ತುಂಡುಗಳಾಗಿದ್ದು, ಸುಮಾರು 25 ವರ್ಷದ ಹೊತ್ತಿಗೆ ಬೆಸೆದುಕೊಳ್ಳುತ್ತದೆ. ನೂರರಲ್ಲಿ ಸುಮಾರು ಐದು ಜನರಲ್ಲಿ ಈ ಬೆಸುಗೆ ಪೂರ್ತಿಯಾಗದೆ ನಡುವೆ ದುಂಡನೆಯ ರಂಧ್ರ ಉಳಿಯುತ್ತದೆ. ಕೆಲವರಲ್ಲಿ ಕೆಳತುದಿ ಎರಡಾಗಿ ಸೀಳಿರುತ್ತದೆ. ಇವು ರೋಗಗಳಲ್ಲ. ಆದರೆ ಅಸ್ಥಿಮಜ್ಜೆ ತೆಗೆಯಲು ಎದೆಮೂಳೆಗೆ ಚುಚ್ಚಿದ ಸೂಜಿ ಆ ರಂಧ್ರದಲ್ಲಿ ನುಗ್ಗಿದರೆ ಹೃದಯಕ್ಕೇ ತಗಲಬಹುದು. ಆದ್ದರಿಂದ ಚಿತ್ರ ನುಣುಪಾಗಿ ಕಾಣಲೆಂದು ನಮ್ಮ ತಂತ್ರಾಂಶ ಆ ರಂಧ್ರವನ್ನು ಮುಚ್ಚಿಹಾಕುವಂತಿಲ್ಲ. ಪುಸ್ತಕದಲ್ಲಿ ಏನೇ ಇರಲಿ, ಆ ರೋಗಿಯ ಎದೆಯಲ್ಲಿ ಇರುವುದನ್ನೇ ವೈದ್ಯರಿಗೆ ತೋರಿಸಬೇಕು.