ಎ.ಕೆ. ರಾಮಾನುಜನ್: ಭಾಷಾವಿಜ್ಞಾನ ವಿಭಾಗದ ವಿದ್ಯಾರ್ಥಿ

ಕನ್ನಡ ವಿಮರ್ಶೆಯು ಎ.ಕೆ. ರಾಮಾನುಜನ್ ಅವರನ್ನು ಕವಿ, ವಚನಗಳ ಅನುವಾದಕ ಹಾಗೂ ಜಾನಪದ ವಿದ್ವಾಂಸ ಎಂಬ ಮೂರು ನೆಲೆಗಳಲ್ಲಿ ಗುರುತಿಸುತ್ತ ಬಂದಿದೆ. ಈ ಮೂರಕ್ಕೂ ತಳಹದಿಯಾದ ಭಾಷಾವಿಜ್ಞಾನದ ಶಿಕ್ಷಣವು ಅವರ ಜೀವನಚಿತ್ರಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದುಂಟು. ಆ ಶಿಕ್ಷಣವನ್ನು ಕೇಂದ್ರದಲ್ಲಿಟ್ಟು ಅವರ ಬದುಕನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ರಾಮಾನುಜನ್ ಅವರು 1929ರ ಮಾರ್ಚ್ 16ರಂದು ಮೈಸೂರಿನ ತಮಿಳು ಅಯ್ಯಂಗಾರ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕೃಷ್ಣಸ್ವಾಮಿ ಅವರು ಗಣಿತದ ಪ್ರಾಧ್ಯಾಪಕರು. ಮನೆಯ ಮಹಡಿಯ ಮೇಲೆ ತಂದೆಯ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯ ತಮಿಳು, ಹೊಸ್ತಿಲು ದಾಟಿದರೆ ಬೀದಿಯ ಕನ್ನಡ. ಆಡುವವರು ಯಾರು, ಆಡುವ ಜಾಗ ಯಾವುದು ಎಂಬುದರ ಮೇಲೆ ಮಾತು ಬದಲಾಗುತ್ತದೆ ಎಂಬುದು ಅವರಿಗೆ ಸಿದ್ಧಾಂತವಾಗುವುದಕ್ಕಿಂತ ಮೊದಲು ಅನುಭವವಾಗಿತ್ತು.

ಮೈಸೂರು ವಿಶ್ವವಿದ್ಯಾನಿಲಯದಿಂದ 1950ರಲ್ಲಿ ಇಂಗ್ಲಿಷ್ ಎಂ.ಎ. ಪದವಿ ಪಡೆದ ಅವರು ಕೊಲ್ಲಂ, ಬೆಳಗಾವಿ, ಬರೋಡ ಮೊದಲಾದೆಡೆ ಇಂಗ್ಲಿಷ್ ಅಧ್ಯಾಪಕರಾಗಿ ದುಡಿದರು. ಬೆಳಗಾವಿಯ ದಿನಗಳಲ್ಲಿ ಉತ್ತರ ಕರ್ನಾಟಕದ ಮೌಖಿಕ ಕತೆಗಳ ಸಂಗ್ರಹಕ್ಕೆ ತೊಡಗಿದರು. 1955ರಲ್ಲಿ ‘ಗಾದೆಗಳು’ ಎಂಬ ಕಿರುಕೃತಿ ಪ್ರಕಟವಾಯಿತು. ಆದರೆ ಕೇಳಿದ ಮಾತನ್ನು ವಿಶ್ಲೇಷಿಸುವ ಸಲಕರಣೆಗಳನ್ನು ಇಂಗ್ಲಿಷ್ ಸಾಹಿತ್ಯದ ಅಭ್ಯಾಸವೊಂದೇ ಒದಗಿಸುವಂತಿರಲಿಲ್ಲ. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಆ ದಶಕದಲ್ಲಿ ಭಾಷಾವಿಜ್ಞಾನದ ತರಬೇತಿಗೆ ಹೆಸರಾಗಿದ್ದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅವರು 1958ರಲ್ಲಿ ಡಿಪ್ಲೊಮಾ ಪಡೆದರು.

ಮರುವರ್ಷ ಫುಲ್‌ಬ್ರೈಟ್ ವಿದ್ಯಾರ್ಥಿವೇತನದೊಂದಿಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯ ಸೇರಿದಾಗ ಅವರಿಗೆ ಮೂವತ್ತು ವರ್ಷ. ಹಲವು ವರ್ಷ ಪಾಠ ಹೇಳಿದ್ದವರು ಮತ್ತೆ ಹೊಸ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತರು. ಚಾಮ್‌ಸ್ಕಿಯವರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಪ್ರಕಟವಾಗಿ (1957) ಆಗಿನ್ನೂ ಎರಡೇ ವರ್ಷ ಕಳೆದಿತ್ತು. ಆ ಹೊಸ ವಿಧಾನವನ್ನು ಅವರು ಕನ್ನಡಕ್ಕೆ ಅನ್ವಯಿಸಿ, ಕನ್ನಡದ ಉತ್ಪಾದಕ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ 1963ರಲ್ಲಿ ಪಿಎಚ್.ಡಿ. ಪದವಿ ಪಡೆದರು. ದ್ರಾವಿಡ ಭಾಷೆಯೊಂದಕ್ಕೆ ಈ ಮಾದರಿಯನ್ನು ಅಳವಡಿಸಿದ ಆರಂಭಿಕ ಪ್ರಯತ್ನಗಳಲ್ಲಿ ಇದೂ ಒಂದು ಎಂಬುದು ಗಮನಾರ್ಹ.

ಇದೇ ಅವಧಿಯಲ್ಲಿ ಆಡುಗನ್ನಡದ ಅಧ್ಯಯನ ನಡೆಸಿದ್ದ ವಿಲಿಯಂ ಬ್ರೈಟ್ ಅವರೊಡನೆ ಸೇರಿ ಸಾಮಾಜಿಕ ಭಾಷಾಭೇದ ಮತ್ತು ಭಾಷಾಪರಿವರ್ತನೆಯನ್ನು ಕುರಿತು ಬರೆದ ಲೇಖನವು ವಿಶೇಷ ಚರ್ಚೆಗೆ ಅರ್ಹವಾದುದು. ಬ್ರಾಹ್ಮಣ ಉಪಭಾಷೆಗಳಲ್ಲಿ ಎರವಲಿನಂತಹ ಪ್ರಜ್ಞಾಪೂರ್ವಕ ಬದಲಾವಣೆಗಳೂ ಬ್ರಾಹ್ಮಣೇತರ ಉಪಭಾಷೆಗಳಲ್ಲಿ ಅರಿವಿಗೆ ಬಾರದ ಆಂತರಿಕ ಬದಲಾವಣೆಗಳೂ ಹೆಚ್ಚೆಂಬ ಊಹೆಯನ್ನು ಅವರು ತಮಿಳು, ಕನ್ನಡಗಳ ಜೊತೆಗೆ ತುಳುವಿನಲ್ಲಿಯೂ ಪರೀಕ್ಷಿಸಿದರು. ಬರಹದ ಪರಂಪರೆ ವ್ಯಾಪಕವಾಗಿಲ್ಲದ ತುಳುವಿನಲ್ಲಿ ಎರಡೂ ಬಗೆಯ ಉಪಭಾಷೆಗಳು ಮುಕ್ತವಾಗಿ ಬದಲಾಗಿದ್ದವು. ಅಂದರೆ, ಬದಲಾವಣೆಯನ್ನು ತಡೆಹಿಡಿಯುವುದು ಜಾತಿಯಲ್ಲ, ಬರಹದ ಬಳಕೆ ಎಂಬ ಸೂಚನೆ ಅಲ್ಲಿ ದೊರೆಯಿತು. ಜಾತಿಯ ಮಾತನ್ನು ಶುದ್ಧ, ಅಶುದ್ಧ ಎಂಬ ಅಳತೆಯಿಂದ ಬಿಡಿಸಿ ಸಾಮಾಜಿಕ ಕಾರಣಗಳಲ್ಲಿ ನೆಲೆಗೊಳಿಸಿದ್ದು ಈ ಅಧ್ಯಯನದ ಮಹತ್ವ. 1968ರ ಇನ್ನೊಂದು ಲೇಖನದಲ್ಲಿ ತಮ್ಮ ಮನೆಮಾತಾದ ಅಯ್ಯಂಗಾರ್ ತಮಿಳನ್ನೇ ಮೊದಲಿಯಾರ್ ತಮಿಳಿನೊಡನೆ ಹೋಲಿಸಿ ನೋಡಿದರು.

1960ರ ದಶಕದ ಆರಂಭದಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯ ಸೇರಿದ ಅವರು ಕೊನೆಯವರೆಗೂ ಅಲ್ಲಿಯೇ ಉಳಿದರು. ದಕ್ಷಿಣ ಏಷ್ಯಾ ಭಾಷೆಗಳ ವಿಭಾಗದ ಜೊತೆಗೆ ಭಾಷಾವಿಜ್ಞಾನ ವಿಭಾಗದ ನಂಟನ್ನೂ ಉಳಿಸಿಕೊಂಡರು. ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಸಂಕಲನ, ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ (1973), ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ (1976) ಈ ಕಾಲದವು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್ ಅವರಿಗೆ ಸಂದವು.

ಭಾಷಾವಿಜ್ಞಾನವನ್ನು ಅವರು ಹಿಂದೆ ಬಿಟ್ಟು ಬಂದರೆಂಬ ಅಭಿಪ್ರಾಯಕ್ಕೆ 1991ರಲ್ಲಿ ಪ್ರಕಟವಾದ ರಾಮಾಯಣ ಕುರಿತ ಪ್ರಬಂಧವೇ ಉತ್ತರವಾಗಬಲ್ಲದು. ಒಂದು ಪಠ್ಯಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಅವರು ಅಲ್ಲಿ ಪರ್ಸ್ ಅವರ ಸಂಕೇತವಿಜ್ಞಾನದ ಮೂರು ಪರಿಕಲ್ಪನೆಗಳಿಂದ ವಿಂಗಡಿಸುತ್ತಾರೆ. ಕನ್ನಡದ ಜನಪದ ರಾಮಾಯಣವೊಂದರಲ್ಲಿ ರಾವಣನು ಸೀತಾಗ ಸೀತೆ ಹುಟ್ಟುವ ಪ್ರಸಂಗವನ್ನು ಚರ್ಚಿಸುವಾಗ, ಒಂದು ಕ್ರಿಯಾಪದದ ಶ್ಲೇಷೆಯಿಂದ ಇಡೀ ಕಥಾನಕ ತಿರುವು ಪಡೆಯುವುದನ್ನು ತೋರುತ್ತಾರೆ. ದೆಹಲಿ ವಿಶ್ವವಿದ್ಯಾನಿಲಯವು 2011ರಲ್ಲಿ ಈ ಪ್ರಬಂಧವನ್ನು ಪಠ್ಯದಿಂದ ಕೈಬಿಟ್ಟಾಗ ಎದ್ದ ವಿವಾದದಲ್ಲಿ ಭಾವನೆಗಳ ಮಾತು ಮುನ್ನೆಲೆಗೆ ಬಂದು, ಭಾಷೆಯ ಮಾತು ಹಿಂದೆ ಸರಿಯಿತು.

ರಾಮಾನುಜನ್ ಅವರು 1993ರ ಜುಲೈ 13ರಂದು ಶಿಕಾಗೋದಲ್ಲಿ ನಿಧನರಾದರು. ಸಮಗ್ರ ಇಂಗ್ಲಿಷ್ ಕವಿತೆಗಳಿಗೆ 1999ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ದೊರೆಯಿತು. ಕವಿಯಾಗಿ ಅವರಿಗೆ ಸಂದ ಗೌರವ ಸಹಜವಾದುದೇ. ಆದರೆ ಸಾಹಿತ್ಯ, ಭಾಷಾವಿಜ್ಞಾನ, ಜಾನಪದಗಳನ್ನು ಪ್ರತ್ಯೇಕ ಪತ್ರಿಕೆಗಳಾಗಿ ಬೋಧಿಸುವ ನಮ್ಮ ಕನ್ನಡ ವಿಭಾಗಗಳಿಗೆ, ಮೂವತ್ತನೆಯ ವಯಸ್ಸಿನಲ್ಲಿ ಮತ್ತೆ ವ್ಯಾಕರಣ ಕಲಿಯಲು ಕುಳಿತ ಆ ವಿದ್ಯಾರ್ಥಿಯ ಬದುಕು ಹೆಚ್ಚಿನ ಪಾಠವನ್ನು ಹೇಳುತ್ತದೆ.