ಮಹಾವೀರಾಚಾರ್ಯ

ಮಹಾವೀರಾಚಾರ್ಯರು ಕ್ರಿ.ಶ. ೯ನೆಯ ಶತಮಾನದಲ್ಲಿ ಕರ್ನಾಟಕದಲ್ಲಿದ್ದ ಜೈನ ಗಣಿತಜ್ಞರು. ಸುಮಾರು ೮೫೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವು ಇವರ ಪ್ರಸಿದ್ಧ ಕೃತಿ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ವಿಧಗಳಲ್ಲಿ ಆರಿಸಬಹುದೆಂಬುದಕ್ಕೆ ಇವರು ಸಾಮಾನ್ಯ ಸೂತ್ರವನ್ನು ನೀಡಿದರು. ಸಂಭವನೀಯತೆಯ ಮೊದಲ ಪಾಠಗಳಿಗೆ ಇಂತಹ ಎಣಿಕೆಯೇ ತಳಹದಿ.

ಜೀವನ

ಇವರ ಕುರಿತ ಮಾಹಿತಿಗೆ ಗ್ರಂಥವೇ ಮುಖ್ಯ ಆಧಾರ. ಅದರ ಆರಂಭದಲ್ಲಿ ತೀರ್ಥಂಕರ ಮಹಾವೀರನ ವಂದನೆಯೂ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಪ್ರಶಂಸೆಯೂ ಇವೆ. ಆದ್ದರಿಂದ ಇವರು ಆ ದೊರೆಯ ಆಶ್ರಯದಲ್ಲಿದ್ದರೆಂದು ವಿದ್ವಾಂಸರು ಭಾವಿಸುತ್ತಾರೆ. ಅವನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಖಗೋಳಶಾಸ್ತ್ರದ ಅಂಗವಾಗಿರದೆ ಗಣಿತಕ್ಕೇ ಮೀಸಲಾಗಿರುವುದು ಗಣಿತಸಾರಸಂಗ್ರಹದ ವೈಶಿಷ್ಟ್ಯ.

ಆಯ್ಕೆಗಳ ಎಣಿಕೆ

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಬೆರೆಸುವ ಬಗೆಗಳನ್ನು ಎಣಿಸುವ ಲೆಕ್ಕ ಈ ಗ್ರಂಥದಲ್ಲಿದೆ. ಸೂತ್ರದಂತೆ ಎರಡೆರಡು ರಸಗಳ ಜೋಡಿಗಳು (೬ × ೫) ÷ (೧ × ೨) = ೧೫. ಇವುಗಳಲ್ಲಿ ಸಿಹಿ ಸೇರಿರುವ ಜೋಡಿಗಳು ೫. ರಸಗಳ ಹೆಸರು ಬರೆದ ಆರು ಚೀಟಿಗಳಿಂದ ನೋಡದೆ ಎರಡನ್ನು ಎತ್ತಿದರೆ, ಎಲ್ಲ ಜೋಡಿಗಳಿಗೂ ಸಮಾನ ಅವಕಾಶವಿರುವುದರಿಂದ, ಸಿಹಿ ಬರುವ ಸಂಭವನೀಯತೆ ೫/೧೫, ಅಂದರೆ ೧/೩. ಈ ಕೊನೆಯ ಹೆಜ್ಜೆ ಆಧುನಿಕ ಗಣಿತದ್ದು, ಎಣಿಕೆ ಮಹಾವೀರಾಚಾರ್ಯರದು.

ಕೋಳಿ ಕಾಳಗದ ಲೆಕ್ಕ

ಮಿಶ್ರಕ ವ್ಯವಹಾರ ಅಧ್ಯಾಯದಲ್ಲಿ ಪಣಕ್ಕೆ ಸಂಬಂಧಿಸಿದ ಸ್ವಾರಸ್ಯಕರ ಸಮಸ್ಯೆಯಿದೆ. ಮಂತ್ರೌಷಧ ಬಲ್ಲವನೊಬ್ಬ ಇಬ್ಬರು ಕೋಳಿ ಒಡೆಯರೊಡನೆ ಬೇರೆಬೇರೆಯಾಗಿ ಒಪ್ಪಂದ ಮಾಡಿಕೊಳ್ಳುತ್ತಾನೆ. ಗೆದ್ದವನು ತನ್ನ ಪಣದ ಮೊತ್ತವನ್ನು ಅವನಿಗೆ ಕೊಡಬೇಕು. ಸೋತರೆ ಮೊದಲನೆಯವನಿಗೆ ಅವನ ಪಣದ ೨/೩ ಭಾಗವನ್ನು, ಎರಡನೆಯವನಿಗೆ ೩/೪ ಭಾಗವನ್ನು ಇವನೇ ಕೊಡುತ್ತಾನೆ. ಯಾರು ಗೆದ್ದರೂ ಲಾಭ ೧೨ ಹೊನ್ನು. ಉತ್ತರವಾಗಿ ಬರುವ ಪಣಗಳು ೪೨ ಮತ್ತು ೪೦. ಮೊದಲನೆಯವನು ಗೆದ್ದರೆ ೪೨ − ೩೦ = ೧೨; ಎರಡನೆಯವನು ಗೆದ್ದರೆ ೪೦ − ೨೮ = ೧೨. ಇಲ್ಲಿ ಗೆಲುವಿನ ಸಂಭವನೀಯತೆಯನ್ನು ಅಳೆದಿಲ್ಲ. ಸಾಧ್ಯವಿರುವ ಎರಡೂ ಫಲಿತಾಂಶಗಳನ್ನು ಮೊದಲೇ ಲೆಕ್ಕಕ್ಕೆ ತಂದು ಅನಿಶ್ಚಿತತೆಯನ್ನು ನಿವಾರಿಸಲಾಗಿದೆ. ಸಂಭವನೀಯತಾ ಸಿದ್ಧಾಂತವು ಯುರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ ಅವರ ೧೬೫೪ರ ಪತ್ರವ್ಯವಹಾರದಿಂದ ರೂಪುಗೊಂಡಿತು. ಅದಕ್ಕೂ ಪಣದ ಹಂಚಿಕೆಯ ಪ್ರಶ್ನೆಯೇ ನಿಮಿತ್ತವಾಗಿತ್ತು.

ಪ್ರಭಾವ

೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಸಂಪಾದಿಸಿದ ಆವೃತ್ತಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟವಾಯಿತು.