ಕೆಂಗೇರಿಯಿಂದ ಕುರಿಶುಮಲೆಗೆ

ಕೊಚ್ಚಿಯಿಂದ ವಾಗಮಣ್ ಪ್ರವಾಸಕ್ಕೆ ಹೋದವರು ಕುರಿಶುಮಲೆ ಆಶ್ರಮದ ಹೆಸರು ಕೇಳಿರುತ್ತೀರಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬೀಡ್ ಗ್ರಿಫಿತ್ಸ್ ಅವರ ಭಾರತದ ಬದುಕು ಶುರುವಾದದ್ದು ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ!

1906ರ ಡಿಸೆಂಬರ್ 17ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡಿನಲ್ಲಿ ಓದಿದರು. ಅಲ್ಲಿ ಅವರಿಗೆ ಪಾಠ ಹೇಳಿದ ಸಾಹಿತಿ ಸಿ. ಎಸ್. ಲೂಯಿಸ್ ಮುಂದೆ ಆತ್ಮೀಯ ಗೆಳೆಯರಾದರು. 1930ರಲ್ಲಿ ಗ್ರಿಫಿತ್ಸ್ ಇಬ್ಬರು ಸ್ನೇಹಿತರೊಂದಿಗೆ ಹಳ್ಳಿಮನೆಯೊಂದರಲ್ಲಿ, ಯಂತ್ರಗಳ ಗೊಡವೆಯಿಲ್ಲದೆ, ಹಸು ಸಾಕಿಕೊಂಡು ಬದುಕಿ ನೋಡಿದರು. ಆ ಪ್ರಯೋಗ ಒಂದು ವರ್ಷವೂ ನಡೆಯಲಿಲ್ಲ. ನಂತರ ಒಬ್ಬರೇ ಉಪವಾಸ, ಪ್ರಾರ್ಥನೆಗಳಲ್ಲಿ ತೊಡಗಿ ಮಾನಸಿಕವಾಗಿ ಬಹಳ ಬಳಲಿದರು. ಕೊನೆಗೆ ಕ್ಯಾಥೊಲಿಕ್ ಸಭೆ ಸೇರಿ, ಬೆನೆಡಿಕ್ಟೀನ್ ಸನ್ಯಾಸಿಯಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಠಗಳಲ್ಲಿದ್ದರು.

1955ರಲ್ಲಿ ಭಾರತಕ್ಕೆ ಹೊರಟಾಗ ಅವರು ಬೋಧಿಸುವುದಕ್ಕಿಂತ ಹೆಚ್ಚಾಗಿ ಹುಡುಕಲು ಹೊರಟಿದ್ದರು. ತಮ್ಮ ಆತ್ಮದ ಇನ್ನರ್ಧ ಇಲ್ಲಿ ಸಿಗಬಹುದೆಂಬ ಆಸೆ ಅವರದು. ಕೆಂಗೇರಿಯ ಆಶ್ರಮ ಹೆಚ್ಚು ದಿನ ನಿಲ್ಲಲಿಲ್ಲ. 1958ರಲ್ಲಿ ಬೆಲ್ಜಿಯಂನ ಫ್ರಾನ್ಸಿಸ್ ಮಾಹ್ಯೂ ಅವರೊಡನೆ ಕೇರಳಕ್ಕೆ ಬಂದು ಕುರಿಶುಮಲೆ ಆಶ್ರಮ ಕಟ್ಟಿದರು. ಕಾವಿ ಉಟ್ಟರು, ಬರಿಗಾಲಲ್ಲಿ ನಡೆದರು. ಈಗ ತಿರುವನಂತಪುರದಲ್ಲಿ ಕೇಂದ್ರವಿರುವ ಮಲಂಕರ ಸಭೆಯ ಸಿರಿಯಕ್ ಪೂಜಾಕ್ರಮವನ್ನು ತಮ್ಮದಾಗಿಸಿಕೊಂಡರು. ಆಶ್ರಮದ ಹೈನುಗಾರಿಕೆ ಸುತ್ತಲಿನ ಕುಟುಂಬಗಳಿಗೂ ನೆರವಾಯಿತು.

1968ರಲ್ಲಿ ತಮಿಳುನಾಡಿಗೆ ಹೋಗಿ, ಕಾವೇರಿ ದಡದ ಶಾಂತಿವನ ಆಶ್ರಮದ ಹೊಣೆ ಹೊತ್ತರು. ಉಪನಿಷತ್ತುಗಳನ್ನೂ ಅದ್ವೈತವನ್ನೂ ಗೌರವದಿಂದ ಓದಿದರು. ಆದರೆ ಪ್ರೀತಿಗೆ ಇಬ್ಬರು ಬೇಕು, ಒಂದಾದ ಮೇಲೂ ಇಬ್ಬರೂ ಉಳಿಯಬೇಕು ಎಂಬುದು ಅವರ ನಿಲುವು. ಇನ್ನೊಬ್ಬರೊಂದಿಗಿನ ಸಂಬಂಧದಲ್ಲೇ ಮನುಷ್ಯ ಪೂರ್ಣನಾಗುತ್ತಾನೆ ಎಂದು ಅವರು ನಂಬಿದ್ದರು.

ಆ ನಂಬಿಕೆ ಅವರಿಗೆ ಅನುಭವವಾದದ್ದು ತೀರಾ ತಡವಾಗಿ. 1990ರ ಜನವರಿಯಲ್ಲಿ, 83ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿಯಿತು. ಕೆಲವು ದಿನ ಮಾತೇ ಹೊರಡಲಿಲ್ಲ. ಸಾವು ಹತ್ತಿರವಾಯಿತೆಂದುಕೊಂಡಾಗ, ತಾಯಿಗೆ ಶರಣಾಗಬೇಕೆಂಬ ಭಾವ ಒಳಗಿನಿಂದ ಬಂತು. ಪ್ರೀತಿಯ ಪ್ರವಾಹವೇ ಮೇಲೆ ಬಂದಂತಾಯಿತು. ಅಲ್ಲಿಯವರೆಗೆ ತಮ್ಮ ಬದುಕನ್ನು ಬುದ್ಧಿಯೇ ಆಳುತ್ತಿತ್ತು, ತಮ್ಮೊಳಗಿನ ಹೆಣ್ತನ ಈಗ ಎಚ್ಚೆತ್ತಿತು ಎಂದು ಅವರು ಹೇಳಿಕೊಂಡರು. ಮುಂದಿನ ಮೂರು ವರ್ಷ ಇದನ್ನೇ ಹಂಚಿಕೊಂಡು, 1993ರ ಮೇ 13ರಂದು ಶಾಂತಿವನದಲ್ಲಿ ತೀರಿಕೊಂಡರು.

ಮದುವೆ, ಕೆಲಸ ಎಂದು ಊರು ಬಿಟ್ಟು ಕೇರಳಕ್ಕೆ ಬಂದ ನಮಗೆ ಒಂಟಿತನ ಹೊಸದಲ್ಲ. ಕನ್ನಡದವರು ಸಿಕ್ಕರೆ ಸಾಕೆನ್ನಿಸುತ್ತದೆ, ನಿಜ. ಆದರೆ ಪಕ್ಕದ ಮನೆಯ ಚೇಚಿಯ ಬಾಗಿಲನ್ನೂ ಒಮ್ಮೆ ತಟ್ಟೋಣ. ನಮ್ಮ ಇನ್ನರ್ಧದ ಒಂದು ಚೂರು ಅಲ್ಲೂ ಇರಬಹುದು.